ಶೆಟ್ಟಿ ಗೊಂಬೆ ಮಂತ್ರಿಯಾದ ದಸರಾ

ನನಗೆ ಆ ಮಂತ್ರಿ ಇಷ್ಟ. ಆಗಲೂ ಇಷ್ಟವಿತ್ತು, ಈಗಲೂ ಇಷ್ಟ. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಸಾಯಂಕಾಲ ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಜಪಾನಿ ಕಾರ್ಟೂನಿನಲ್ಲಿ ರಾಜನ ಪಕ್ಕ ನಿಂತು ಕಿವಿಯೂದುತ್ತಿದ್ದ ಕಳ್ಳ ಅವನು. ಕೆಟ್ಟವನು, ಮೋಸಗಾರ, ಎಲ್ಲ ನಿಜ. ಆದರೆ ಅವನು ತನ್ನ ಸುಳ್ಳನ್ನು ತಾನೇ ಹೇಳುತ್ತಿದ್ದ, ಬೇರೆಯವರ ಬಾಯಿಂದ ಹೇಳಿಸುತ್ತಿರಲಿಲ್ಲ. ನನ್ನ ತಕರಾರು ಏನಿದ್ದರೂ ಆ ರಾಜನ ಮೇಲೆ. ಯಾಕೆ ಅಂತ ಹೇಳಬೇಕಾದರೆ ಹೊಳೆನರಸೀಪುರದಲ್ಲಿ ನಮ್ಮ ತಾತನ ಮನೆಯ ಒಂದು ದಸರಾದಿಂದ ಶುರು ಮಾಡಬೇಕು.

ಎರಡು ಸಾವಿರದ ಇಸವಿ ಬಂದು ಒಂದೆರಡು ವರ್ಷವಾಗಿತ್ತು. ಅಪ್ಪನಿಗೆ ರಾಯಚೂರಿನ ಕಡೆ ವರ್ಗವಾಗಿ, ಅಮ್ಮನೂ ಜೊತೆಗೆ ಹೋಗಿ, ನನ್ನನ್ನು ಓದಿಗೆ ತೊಂದರೆಯಾಗಬಾರದು ಅಂತ ತಾತ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಏಳನೇ ಕ್ಲಾಸು. ಮನೆಯಲ್ಲಿ ನಾಲ್ಕೇ ಜನ. ತಾತ ರಿಟೈರ್ಡ್ ಮೇಷ್ಟ್ರು, ಜಗಲಿಯ ಆರಾಮ ಕುರ್ಚಿ ಬಿಟ್ಟು ಏಳದವರು. ಅಜ್ಜಿ ಅಡುಗೆಮನೆ ಬಿಟ್ಟು ಬರದವರು. ಆಮೇಲೆ ಅತ್ತೆ, ಅಂದರೆ ಅಪ್ಪನ ತಂಗಿ. ಬಿ.ಎಸ್ಸಿ., ಬಿ.ಎಡ್. ಎರಡೂ ಮುಗಿಸಿ ಮನೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ನನಗೆ ಅಕ್ಕ, ಗೆಳತಿ, ಕೆಲವು ಸಲ ಶತ್ರು, ಎಲ್ಲ ಅವಳೇ.

ಆ ವರ್ಷ ಅತ್ತೆಗೆ ಹಾಸನದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ದಸರಾ ರಜೆ ಮುಗಿದ ಮೊದಲ ಸೋಮವಾರ ಬಂದು ಸೇರಿಕೊಳ್ಳಿ, ಅವತ್ತು ಬರದಿದ್ದರೆ ಬೇರೆಯವರನ್ನು ತಗೋತೀವಿ ಅಂದಿದ್ದರು. ಹಾಸನ ಏನು ಚಂದ್ರಲೋಕವೇ? ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಒಂದು ಗಂಟೆ. ಸಾಯಂಕಾಲದ ಹೊತ್ತಿಗೆ ವಾಪಸ್ಸು ಬಂದು ಮನೆಯಲ್ಲೇ ಕಾಫಿ ಕುಡಿಯಬಹುದು. ಆದರೆ ತಾತ ಹ್ಞೂಂ ಅನ್ನಬೇಕಿತ್ತಲ್ಲ. ತಾತ ಹ್ಞೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಅತ್ತೆ ಕೇಳಿದಾಗಲೆಲ್ಲ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ, ‘ನೋಡೋಣ’ ಅನ್ನುತ್ತಿದ್ದರು.

ಈ ನೋಡೋಣದ ನಡುವೆ ಬಂದವರು ಪಟ್ಣದ ತಾತ. ಚನ್ನರಾಯಪಟ್ಟಣದವರು, ನಮ್ಮ ತಾತನ ಷಡ್ಡಕ, ಅಜ್ಜಿಯ ತಂಗಿಯ ಗಂಡ. ಯಾರ ಮನೆಯಲ್ಲಿ ಮದುವೆ ಮಾತು, ಯಾರ ಮನೆಯಲ್ಲಿ ಪಾಲಿನ ಮಾತು ಅಂತ ಅವರ ಮೂಗಿಗೆ ಮೊದಲೇ ವಾಸನೆ ಹೊಡೆಯುತ್ತಿತ್ತು. ಆ ಮೂಗಿಗೆ ಬೇರೆ ಕೆಲಸವೂ ಇತ್ತು. ನಶ್ಯ. ಮಾತಿಗೆ ಮೊದಲು ಡಬ್ಬಿ ತೆಗೆದು ಮುಚ್ಚಳದ ಮೇಲೆ ಟಕ್ ಟಕ್ ಅಂತ ಬಡಿದು, ಒಂದು ಚಿಟಿಕೆ ಏರಿಸಿ, ಕಣ್ಣು ಮುಚ್ಚಿ, ಆಮೇಲೆ ಮಾತು. ಕೊನೆಯಲ್ಲಿ ತಪ್ಪದೆ ಒಂದು ಸಾಲು: ‘ನಾನು ಹೇಳೋದು ಹೇಳಿದೀನಿ, ಮುಂದಿಂದು ನಿಮ್ಮಿಷ್ಟ.’ ನವರಾತ್ರಿ ಶುರುವಾಗುವ ಹಿಂದಿನ ದಿನ ಒಂದು ಬ್ಯಾಗು ಹಿಡಿದು ಬಂದಿಳಿದರು. ಹಬ್ಬ ಮುಗಿಯುವವರೆಗೂ ನಮ್ಮಲ್ಲೇ ಠಿಕಾಣಿ.

ಅರಕಲಗೂಡಿನಲ್ಲಿ ಅತ್ತೆಗೆ ಒಂದು ಗಂಡು ನೋಡಿಟ್ಟಿದ್ದರು ಅವರು. ‘ತುಂಬಿದ ಮನೆ, ಅವಳೇನೂ ಹೊರಗೆ ಹೋಗಿ ದುಡೀಬೇಕಾಗಿಲ್ಲ’ ಅಂತ ಜಂಬವಾಗಿ ಹೇಳುತ್ತಿದ್ದರು. ಅತ್ತೆ ಮೊದಲು ಕೆಲಸ, ಆಮೇಲೆ ಆ ಮಾತು ಅಂದುಬಿಟ್ಟಿದ್ದಳು.

ನಮ್ಮ ಕಡೆ ದಸರಾ ಅಂದರೆ ಗೊಂಬೆ ಕೂರಿಸುವುದು. ಅಟ್ಟದಿಂದ ಟ್ರಂಕು ಇಳಿಸಿ, ಆ ಟ್ರಂಕುಗಳನ್ನೇ ಮೆಟ್ಟಿಲಾಗಿ ಜೋಡಿಸಿ, ಮೇಲೆ ಬಿಳೀ ಪಂಚೆ ಹಾಸಿ, ಮೇಲ್ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅಂದರೆ ಮರದ ರಾಜ ರಾಣಿ. ಆ ಜೋಡಿಯನ್ನು ಅಜ್ಜಿ ಮದುವೆಯಲ್ಲಿ ತವರಿನಿಂದ ತಂದಿದ್ದರು. ಅವನ್ನು ಅವರೊಬ್ಬರೇ ಮುಟ್ಟಬೇಕು. ಒಂಬತ್ತು ದಿನ ರಾಜ ರಾಣಿ ನಿಂತೇ ಇರಬೇಕು, ವಿಜಯದಶಮಿ ಮುಗಿದ ಮೇಲೆ ಆರತಿ ಎತ್ತಿ ಮಲಗಿಸಬೇಕು, ಅದಕ್ಕೆ ಮೊದಲು ಮಲಗಿಸಿದರೆ ಮನೆಗೆ ಅನಿಷ್ಟ. ಉಳಿದ ಗೊಂಬೆಗಳೆಲ್ಲ ನನ್ನ ಸುಪರ್ದಿ. ಸಂಜೆಯಾದರೆ ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು ‘ಗೊಂಬೆ ಕೂರ್ಸಿದೀರಾ?’ ಅಂತ ಮನೆಮನೆಗೂ ಬರುವುದು, ನೋಡುವುದು, ಕೊಟ್ಟ ಚರ್ಪು ತಿಂದುಕೊಂಡು ಮುಂದಿನ ಮನೆಗೆ ಓಡುವುದು. ನಮ್ಮ ಮನೆಯ ಚರ್ಪು ದಿನಕ್ಕೊಂದು ಬಗೆ. ಒಂದು ದಿನ ಕಡಲೆ ಉಸಲಿ, ಇನ್ನೊಂದು ದಿನ ಸಜ್ಜಿಗೆ, ಮತ್ತೊಂದು ದಿನ ಕೊಬ್ಬರಿ ಸಕ್ಕರೆ.

ಆದರೆ ಆ ವರ್ಷ ನಮ್ಮ ಮನೆಗೆ ಬಂದ ಮಕ್ಕಳು ಚರ್ಪು ಮುಗಿದ ಮೇಲೂ ಎದ್ದು ಹೋಗುತ್ತಿರಲಿಲ್ಲ. ಕಾರಣ ಕೇಬಲ್. ಗೊಂಬೆಯ ಪಕ್ಕದಲ್ಲೇ ಟಿ.ವಿ. ಇತ್ತು, ಅದರಲ್ಲಿ ಆ ಕಾರ್ಟೂನು. ಮೋಡದ ಮೇಲೆ ತೇಲುವ ರಾಜ್ಯ. ಬಿಳೀ ಗಡ್ಡದ ರಾಜ. ಕುದುರೆಯಷ್ಟು ದೊಡ್ಡ ಹಕ್ಕಿಯ ಬೆನ್ನ ಮೇಲೆ ಕೂತು ಕೆಳಗಿನ ಭೂಮಿ ನೋಡಿ ಬರುತ್ತೇನೆ ಅಂತ ಹಟ ಹಿಡಿದ ರಾಜಕುಮಾರಿ. ಮೊಣಕಾಲಿನವರೆಗೆ ಇಳಿಬಿದ್ದ ತೋಳಿನ ನೇರಳೆ ನಿಲುವಂಗಿ ತೊಟ್ಟ ಮಂತ್ರಿ. ಮಾತೆಲ್ಲ ಹಿಂದಿ. ನಮ್ಮ ಹಿಂದಿ ಎಷ್ಟಿತ್ತು? ಪಾಠದ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಷ್ಟು, ಅದೂ ಗೈಡ್ ನೋಡಿಕೊಂಡು. ಅದರ ಮೇಲೆ ಕರೆಂಟು, ಬಂದರೆ ಬಂತು ಹೋದರೆ ಹೋಯಿತು. ಹಾಗಾಗಿ ಕಾರ್ಟೂನು ಮುಗಿದ ಮೇಲೆ, ಇಲ್ಲ ಕರೆಂಟು ಹೋದ ಮೇಲೆ, ನಾನು ಗೊಂಬೆಗಳನ್ನು ಇಟ್ಟುಕೊಂಡು ಕಥೆ ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಥವಾದದ್ದು ಕಾಲುಭಾಗ, ಮುಕ್ಕಾಲು ನನ್ನದೇ ಒಗ್ಗರಣೆ. ಬಾಯಿ ಜೋರಿತ್ತು, ಅಧಿಕಪ್ರಸಂಗಿ ಅಂತ ಬಿರುದು ಮೊದಲೇ ಬಂದಿತ್ತು, ಇನ್ನೇನು ಹೆದರಿಕೆ?

ರಾಜ ರಾಣಿ ಮೇಲೆ ಇದ್ದರು. ರಾಜಕುಮಾರಿಗೆ ಒಂದು ಪಿಂಗಾಣಿ ಗೊಂಬೆ, ಹಕ್ಕಿಗೆ ಮಣ್ಣಿನ ನವಿಲು. ಮಂತ್ರಿ ಮಾತ್ರ ಇರಲಿಲ್ಲ. ಪ್ರತಿ ಮನೆಯ ಗೊಂಬೆಯಲ್ಲೂ ಶೆಟ್ಟಿ ಶೆಟ್ಟಿಗಿತ್ತಿ ಅಂತ ಒಂದು ಜೋಡಿ ಇದ್ದೇ ಇರುತ್ತದೆ. ಡೊಳ್ಳು ಹೊಟ್ಟೆಯ ಗಂಡ, ಪಕ್ಕದಲ್ಲಿ ಹೆಂಡತಿ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟ ಅಂಗಡಿ. ಶೆಟ್ಟಿಯನ್ನು ಎತ್ತಿಕೊಂಡೆ. ಅರಿಶಿನ ಕುಂಕುಮಕ್ಕೆ ಬಂದಿದ್ದ ನೇರಳೆ ರವಿಕೆ ಕಣವನ್ನು ನಿಲುವಂಗಿ ಮಾಡಿ ಸುತ್ತಿದೆ. ಹಳೇ ಲಗ್ನಪತ್ರಿಕೆ ಸುರುಳಿ ಸುತ್ತಿ ಟೋಪಿ ಇಟ್ಟೆ. ತೆಂಗಿನ ನಾರಿನ ಮೀಸೆ ಅಂಟಿಸಿದೆ. ಗಂಡನನ್ನು ಕಳಕೊಂಡ ಶೆಟ್ಟಿಗಿತ್ತಿ ಒಬ್ಬಳೇ ಅಂಗಡಿಯಲ್ಲಿ ಕೂತಿದ್ದಳು, ವ್ಯಾಪಾರಕ್ಕೇನೂ ತೊಂದರೆ ಕಾಣಲಿಲ್ಲ.

ಮೊದಲ ಎರಡು ದಿನ ಮಂತ್ರಿ ಬರೀ ಮಂತ್ರಿಯಾಗೇ ಇದ್ದ. ಮೂರನೇ ದಿನ ಬೆಳಿಗ್ಗೆ ನಾನು ಗೊಂಬೆಯ ಮೆಟ್ಟಿಲಿನ ಹಿಂದೆ ಕೂತು ಸೀರಿಯಲ್ ಲೈಟಿನ ವೈರು ಬಿಡಿಸುತ್ತಿದ್ದೆ. ನಮ್ಮ ನಡುಮನೆಯ ಒಂದು ಕಡೆ ಜಗಲಿಯ ಕಿಟಕಿ, ಇನ್ನೊಂದು ಕಡೆ ಅಡುಗೆಮನೆ ಬಾಗಿಲು. ಹಿಂದೆ ಕೂತವರಿಗೆ ಎರಡೂ ಕಡೆಯ ಮಾತು ಕೇಳುತ್ತದೆ, ಅವರಿಗೆ ನಾವು ಕಾಣುವುದಿಲ್ಲ. ಅಡುಗೆಮನೆಯಲ್ಲಿ ಅತ್ತೆ ಒಬ್ಬಳೇ ತೆಂಗಿನಕಾಯಿ ತುರಿಯುತ್ತಿದ್ದಳು. ಪಟ್ಣದ ತಾತ ಒಳಗೆ ಹೋದರು. ಟಕ್ ಟಕ್.

‘ನೀನೇನೂ ಚಿಂತೆ ಮಾಡಬೇಡ ಮಗು. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ. ಹಬ್ಬ ಮುಗೀಲಿ, ನೀನು ಸುಮ್ನಿರು, ನೀನಾಗಿ ಕೇಳಕ್ಕೆ ಹೋಗಬೇಡ. ಕೇಳಿದ್ರೆ ಕೆಡತ್ತೆ.’

ಅತ್ತೆಯ ದನಿ ಹೂವಾಯಿತು. ‘ನೀವಿದ್ದೀರಲ್ಲ ಚಿಕ್ಕಪ್ಪ, ಅಷ್ಟು ಸಾಕು.’

ಪಟ್ಣದ ತಾತ ನನ್ನ ಮುಂದೆಯೇ ನಡುಮನೆ ದಾಟಿ ಜಗಲಿಗೆ ಹೋದರು. ಟಕ್ ಟಕ್. ‘ಅರಕಲಗೂಡಿನೋರು ದಿನಾ ಕೇಳ್ತಿದಾರೆ ಭಾವ. ಹೆಣ್ಣು ಹುಡುಗಿ ಒಂದ್ಸಲ ಬಸ್ಸು ಹತ್ತಿದ್ರೆ ಆಮೇಲೆ ಎಲ್ಲಿ ಇಳೀತಾಳೆ ಅಂತ ಹೇಳಕ್ಕಾಗಲ್ಲ. ಸುಮ್ನೆ ಸೋಮವಾರ ದಾಟಿಸಿಬಿಡಿ. ನಾನು ಹೇಳೋದು ಹೇಳಿದೀನಿ, ಮುಂದಿಂದು ನಿಮ್ಮಿಷ್ಟ.’

ತಾತ ಹೂಂಗುಟ್ಟಿದರು.

ಮಗೂನೂ ಚಿವುಟಿ ತೊಟ್ಟಿಲೂ ತೂಗೋದು ಅಂತ ಗಾದೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಮೈಯೆಲ್ಲ ಉರಿದುಹೋಯಿತು. ಹಿಂದಿನ ದಿನವಷ್ಟೇ ಕಾರ್ಟೂನಿನ ಮಂತ್ರಿ ರಾಜಕುಮಾರಿಗೆ ನಡು ಬಗ್ಗಿಸಿ ನಮಸ್ಕಾರ ಮಾಡಿ, ಮೂರು ಕಂಬ ದಾಟಿ ರಾಜನ ಕಿವಿಗೆ ಬಾಯಿ ಇಟ್ಟಿದ್ದ. ಅದನ್ನೇ ಈ ಮನುಷ್ಯ ನಮ್ಮ ನಡುಮನೆಯಲ್ಲಿ ಮಾಡಿದ್ದರು. ಅಡುಗೆಮನೆಗೆ ಓಡಿ ಅತ್ತೆಗೆ ಹೇಳಿದೆ. ಅವಳು ತುರಿಮಣೆಯಿಂದ ತಲೆ ಎತ್ತಲಿಲ್ಲ.

‘ಟಿ.ವಿ. ನೋಡಿ ನೋಡಿ ನಿನ್ನ ತಲೆ ಕೆಟ್ಟಿದೆ. ಚಿಕ್ಕಪ್ಪ ನನ್ನ ಎತ್ತಿ ಆಡಿಸಿದೋರು. ದೊಡ್ಡೋರ ಮೇಲೆ ಹೀಗೆಲ್ಲ ಚಾಡಿ ಹೇಳಬೇಡ.’

ಚಾಡಿಯಂತೆ! ಅಳು ಬಂದುಬಿಟ್ಟಿತ್ತು, ಸಿಟ್ಟಿಗೆ. ಸರಿ, ನೀನು ನಂಬಬೇಡ, ಮಂತ್ರಿಯ ಬಾಯಿಂದಲೇ ಕೇಳು ಅಂದುಕೊಂಡೆ. ಅವತ್ತು ಸಂಜೆ ಮಂತ್ರಿಯ ಕೈಗೆ ಒಂದು ಪುಟ್ಟ ಡಬ್ಬಿ ಬಂತು, ಬಾಟಲಿ ಮುಚ್ಚಳದ್ದು. ಮಾತಿಗೆ ಮೊದಲು ಟಕ್ ಟಕ್.

ಅಬ್ಬಾ, ಆ ನಶ್ಯದ ಮಂತ್ರಿ ಎಷ್ಟು ಬೇಗ ಹಬ್ಬಿದ! ಎರಡೇ ದಿನದಲ್ಲಿ ನಮ್ಮ ಕೋಟೆ ಬೀದಿಯ ಮಕ್ಕಳೆಲ್ಲ ಗೋಲಿ ಆಡುವಾಗಲೂ ಉಗುರಲ್ಲಿ ಟಕ್ ಟಕ್ ಅಂತ ಬಡಿದು ‘ನಾನು ಹೇಳೋದು ಹೇಳಿದೀನಿ, ಮುಂದಿಂದು ನಿಮ್ಮಿಷ್ಟ’ ಅನ್ನುತ್ತಿದ್ದವು. ಪಟ್ಣದ ತಾತ ಹಾಲಿಗೆ ಅಂತ ಬೀದಿಗೆ ಇಳಿದರೆ ಹಿಂದೆ ಒಂದು ಟಕ್ ಟಕ್, ಮುಂದೆ ಒಂದು ಟಕ್ ಟಕ್. ಅವರು ತಿರುಗಿ ನೋಡಿದರೆ ಎಲ್ಲ ಮಕ್ಕಳೂ ಬಲು ಸಾಧುಗಳು.

ನನ್ನ ಪಕ್ಕದ ಬೆಂಚಿನ ಗೆಳತಿ ಊರಾಚೆ ನಾಲೆಯ ಹತ್ತಿರದ ರೈತರ ಮನೆಯವಳು. ಅವರಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ, ಆದರೂ ಕಥೆ ಕೇಳಕ್ಕೆ ಅಂತ ದಿನಾ ಬಂದು ಮುಂದಿನ ಸಾಲಲ್ಲೇ ಕೂರುತ್ತಿದ್ದಳು. ಐದನೇ ದಿನ ಉಸಲಿ ಮುಕ್ಕುತ್ತಾ ಕೇಳಿದಳು:

‘ಆ ಮಂತ್ರಿ ಕಳ್ನನ್ಮಗ, ಒಪ್ಕತೀನಿ ಕಣಮ್ಮಿ. ಆ ರಾಜಂಗೆ ಏನ್ ಬಂದದೆ ರೋಗ? ದಿನಾ ಅವನ್ ಮಾತೇ ಕೇಳ್ತಾನಲ್ಲ, ಅವನ್ಗೆ ಬುದ್ಧಿ ಬ್ಯಾಡ್ವಾ?’

‘ಮಂತ್ರ ಹಾಕಿದಾನೆ ಕಣೇ. ನೋಡಲಿಲ್ವಾ, ಉಂಗುರದಿಂದ ನೀಲಿ ಹೊಗೆ ಬಂತಲ್ಲ.’

‘ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ. ಅವನ್ಗೂ ಅದೇ ಬೇಕು, ಅದ್ಕೇ ಕೇಳ್ತಾನೆ.’

‘ನಿಂಗೇನು ಗೊತ್ತು, ಸುಮ್ನೆ ತಿನ್ನು’ ಅಂದೆ. ಕಥೆ ನನ್ನದು, ನನಗೆ ಇವಳು ಹೇಳಿಕೊಡುವುದೇ!

ಎಂಟನೇ ದಿನ, ದುರ್ಗಾಷ್ಟಮಿ. ನಡುಮನೆ ಕಿಕ್ಕಿರಿದಿತ್ತು. ಹಬ್ಬದ ದಿನ ಅಂತ ತಾತ ಕೂಡ ಜಗಲಿ ಬಿಟ್ಟು ಒಳಗೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಪಟ್ಣದ ತಾತ. ಅತ್ತೆ ಪಾತ್ರೆ ಹಿಡಿದುಕೊಂಡು ಮಕ್ಕಳ ಸಾಲಿನಲ್ಲಿ ಬಗ್ಗಿ ಬಗ್ಗಿ ಸಜ್ಜಿಗೆ ಬಡಿಸುತ್ತಿದ್ದಳು. ಅಜ್ಜಿ ಅಡುಗೆಮನೆ ಬಾಗಿಲಲ್ಲಿ. ನಾನು ಬೇಕೆಂದೇ ಈ ದಿನಕ್ಕೆ ಕಾದಿದ್ದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆಮೇಲೆ ‘ಮಗು, ತಿಳೀದೆ ಮಾಡಿದೆ’ ಅಂತ ಎಷ್ಟೋ ಜನ ನನ್ನ ಪರ ವಹಿಸಿದರು. ತಿಳಿದೇ ಮಾಡಿದ್ದು. ನನ್ನಿಂದ ಆ ಹೆಗ್ಗಳಿಕೆ ಯಾರೂ ಕಸಿದುಕೊಳ್ಳುವುದು ಬೇಡ.

ಮಂತ್ರಿಯನ್ನು ಎತ್ತಿ ರಾಜಕುಮಾರಿಯ ಮುಂದೆ ನಿಲ್ಲಿಸಿದೆ. ಟಕ್ ಟಕ್. ಮಕ್ಕಳೆಲ್ಲ ಕಿಸಕ್ಕಂತ ನಕ್ಕವು.

‘ನೀನೇನೂ ಚಿಂತೆ ಮಾಡಬೇಡ ಮಗು. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ. ಹಬ್ಬ ಮುಗೀಲಿ, ನೀನಾಗಿ ಕೇಳಕ್ಕೆ ಹೋಗಬೇಡ. ಕೇಳಿದ್ರೆ ಕೆಡತ್ತೆ.’

ಅತ್ತೆಯ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕೇಳಿದ ಮಾತು ಅದು. ನಾನು ಅವಳನ್ನು ನೋಡಲಿಲ್ಲ. ಮಂತ್ರಿಯನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ ಪಟ್ಟದ ರಾಜನ ಕಿವಿಯ ಹತ್ತಿರ ತಂದೆ. ಟಕ್ ಟಕ್.

‘ಹೆಣ್ಣು ಹುಡುಗಿ ಒಂದ್ಸಲ ಹಕ್ಕಿ ಹತ್ತಿದ್ರೆ ಆಮೇಲೆ ಎಲ್ಲಿ ಇಳೀತಾಳೆ ಅಂತ ಹೇಳಕ್ಕಾಗಲ್ಲ ಮಹಾಪ್ರಭು. ಸುಮ್ನೆ ಸೋಮವಾರ ದಾಟಿಸಿಬಿಡಿ. ನಾನು ಹೇಳೋದು ಹೇಳಿದೀನಿ—’

‘ಮುಂದಿಂದು ನಿಮ್ಮಿಷ್ಟ!’ ಅಂತ ಇಡೀ ನಡುಮನೆ ಕೂಗಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಪಟ್ಣದ ತಾತನ ಕೈ ಸೀದಾ ಜೇಬಿನ ನಶ್ಯದ ಡಬ್ಬಿಗೆ ಹೋಯಿತು. ಡಬ್ಬಿ ತೆಗೆದರು, ಬಡಿಯಲು ಹೋದರು, ಅಷ್ಟೂ ಮಕ್ಕಳು ಅದನ್ನೇ ನೋಡುತ್ತಿವೆ ಅಂತ ಗೊತ್ತಾಗಿ ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡರು. ‘ಮಕ್ಕಳಿಗೆ ಟಿ.ವಿ. ಜಾಸ್ತಿ ಆಯ್ತು’ ಅಂತ ನಗಲು ನೋಡಿದರು.

ಅತ್ತೆ ಪಾತ್ರೆ ಕೆಳಗಿಟ್ಟಳು. ‘ಚಿಕ್ಕಪ್ಪ, ಮೊದಲನೇ ಮಾತು ನೀವು ನನಗೆ ಹೇಳಿದ್ದು. ಎರಡನೇದು ಅಪ್ಪನಿಗೆ ಹೇಳಿದ್ರಾ?’

ಅಜ್ಜಿ ಮಕ್ಕಳ ಕೈಗೆ ಉಳಿದ ಸಜ್ಜಿಗೆ ಬೇಗ ಬೇಗ ಹಾಕಿ ‘ಹೋಗ್ರಪ್ಪ, ಹೊತ್ತಾಯ್ತು’ ಅಂತ ಕಳಿಸಿದರು. ಮುಂದೇನಾಗುತ್ತೆ ಅಂತ ನನಗೆ ಗೊತ್ತಿತ್ತು. ಮಂತ್ರಿಯ ಬಣ್ಣ ಬಯಲಾಯಿತು, ಈಗ ರಾಜನ ಕಣ್ಣು ತೆರೆಯುತ್ತದೆ, ಮಗಳ ತಲೆ ಸವರುತ್ತಾನೆ, ಹಕ್ಕಿ ಹಾರುತ್ತದೆ.

ತಾತ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ‘ಅವನನ್ನ ಯಾಕೆ ಕೇಳ್ತೀಯ? ನಾನೇ ಅವನಿಗೆ ಹೇಳಿದ್ದು. ಹುಡುಗಿ ಅಳೋದು ನಂಗೆ ನೋಡಕ್ಕಾಗಲ್ಲ, ಹೆಂಗಾದ್ರೂ ಮಾಡಿ ಸೋಮವಾರ ದಾಟಿಸು ಅಂತ. ನಾನು ಮೆತ್ತಗಾಗಬಾರದು ಅಂತ ನನ್ನ ಮನಸ್ಸಲ್ಲಿ ಇದ್ದಿದ್ದನ್ನೇ ಅವನು ಬಾಯಲ್ಲಿ ಆಡ್ದ.’

ಪಟ್ಣದ ತಾತನ ಮುಖಕ್ಕೆ ಜೀವ ಬಂತು. ಡಬ್ಬಿ ಬಡಿದು, ನಿಧಾನವಾಗಿ ಒಂದು ಚಿಟಿಕೆ ಏರಿಸಿಕೊಂಡರು.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ನಮ್ಮ ಮನೆಯಲ್ಲಿ ಕೊಡದೇ ಇದ್ದವನು ದೇವರೇ. ಪೂಜಾರಿಗೆ ಬರೀ ಬಾಗಿಲಲ್ಲಿ ನಿಂತು ಬೈಸಿಕೊಳ್ಳುವ ಕೆಲಸ. ನಾಲೆಯ ಪಕ್ಕದ ಮನೆಯ ಗೆಳತಿ ಉಸಲಿ ಮುಕ್ಕುತ್ತಾ ಹೇಳಿದ್ದು ನನಗೆ ಆಗ ಅರ್ಥವಾಯಿತು. ಇಷ್ಟು ದಿನ ಕಷ್ಟಪಟ್ಟು ನಾನು ತಪ್ಪು ಮನುಷ್ಯನನ್ನು ಹಿಡಿದಿದ್ದೆ.

ಅತ್ತೆ ಅಳಲಿಲ್ಲ. ಅಳುತ್ತಾಳೆ ಅಂತಲೇ ತಾತ ಆ ಕಡೆ ತಿರುಗಿ ಕೂತಿದ್ದರು. ಅವಳು ಅವರ ಕುರ್ಚಿಯ ಮುಂದೆ ಬಂದು ನಿಂತಳು.

‘ಹಾಗಿದ್ರೆ ಒಳ್ಳೇದೇ ಆಯ್ತು ಅಪ್ಪ. ಇನ್ಮೇಲೆ ನನ್ನ ಹತ್ರ ಏನಿದ್ರೂ ನೀವೇ ಮಾತಾಡಿ. ನಾನೂ ನಿಮ್ಮ ಹತ್ರಾನೇ ಹೇಳ್ತಿದೀನಿ. ಸೋಮವಾರ ಬೆಳಿಗ್ಗೆ ಹಾಸನದ ಬಸ್ಸಿಗೆ ಹೋಗ್ತೀನಿ. ಬೇಡ ಅನ್ನೋದಾದ್ರೆ ಮುಖ ನೋಡಿ ಬೇಡ ಅನ್ನಿ.’

ತಾತ ‘ನೋಡೋಣ’ ಅಂದರು.

ಮಾರನೇ ದಿನ ನವಮಿ. ಬೆಳಿಗ್ಗೆ ಎದ್ದವಳೇ ನಾನು ಮಾಡಿದ ಕೆಲಸಕ್ಕೆ ನಮ್ಮ ವಂಶದಲ್ಲಿ ಪೂರ್ವನಿದರ್ಶನ ಇರಲಿಕ್ಕಿಲ್ಲ. ಒಂದು ಮಣೆ ಹಾಕಿಕೊಂಡು ಮೇಲ್ಮೆಟ್ಟಿಲಿಗೆ ಕೈ ಚಾಚಿ ಪಟ್ಟದ ರಾಜನನ್ನು ಮಲಗಿಸಿಬಿಟ್ಟೆ. ಅಂಗಾತ. ರಾಣಿಯನ್ನು ಹಾಗೇ ನಿಲ್ಲಿಸಿದೆ. ಮಂತ್ರಿಯ ನಿಲುವಂಗಿ ಬಿಚ್ಚಿ, ಮೀಸೆ ಕಿತ್ತು, ಶೆಟ್ಟಿಯನ್ನು ವಾಪಸ್ಸು ಅಂಗಡಿಗೆ ಕಳಿಸಿದೆ. ಪಾಪ, ಅವನದೇನು ತಪ್ಪು?

ಮೊದಲು ನೋಡಿದ್ದು ಪಟ್ಣದ ತಾತ. ಹಬ್ಬ ಮುಗಿಯುವ ಮೊದಲೇ ಬ್ಯಾಗು ತುಂಬಿಕೊಂಡು ಚನ್ನರಾಯಪಟ್ಟಣದ ಬಸ್ಸಿಗೆ ಹೊರಟಿದ್ದವರು ನಡುಮನೆಯಲ್ಲಿ ನಿಂತು ‘ಅಯ್ಯಯ್ಯೋ! ದಶಮಿ ಇನ್ನೂ ಬಂದಿಲ್ಲ, ಪಟ್ಟದ ಗೊಂಬೆ ಮಲಗಿಸಿದಾರೆ! ಈ ಹುಡುಗಿಗೆ ಹೇಳೋರು ಕೇಳೋರು ಇಲ್ವಾ?’ ಅಂತ ಕೂಗಿದರು. ತಾತ ಜಗಲಿಯಿಂದ ಬಂದರು. ಅತ್ತೆಯೂ ಬಂದಳು. ಅಜ್ಜಿ ಕೈ ಒರೆಸಿಕೊಳ್ಳುತ್ತಾ ಕೊನೆಗೆ ಬಂದರು.

‘ರಾಜನಿಗೆ ನಿದ್ದೆ ಬಂದಿದೆ’ ಅಂದೆ ನಾನು. ಕೆನ್ನೆಗೆ ಬೀಳುತ್ತೆ ಅಂತ ಗೊತ್ತಿತ್ತು. ಬೀಳಲಿ ಅಂತ ಮುಖ ಮುಂದೆ ಮಾಡಿಕೊಂಡೇ ನಿಂತಿದ್ದೆ.

ತಾತ ಅಜ್ಜಿಯ ಕಡೆ ನೋಡಿದರು. ಗೊಂಬೆ ಅಜ್ಜಿಯ ತವರಿನದು, ಅವರೊಬ್ಬರೇ ಎತ್ತಿ ನಿಲ್ಲಿಸಬೇಕು. ಅಜ್ಜಿ ಮೇಲ್ಮೆಟ್ಟಿಲನ್ನು ತುಂಬ ಹೊತ್ತು ನೋಡಿದರು. ನಾನು ಅವರ ಬಾಯಿಂದ ಆ ಮನೆಯಲ್ಲಿ ಊಟಕ್ಕೆ ಬನ್ನಿ, ಹೊತ್ತಾಯ್ತು, ಇಷ್ಟು ಬಿಟ್ಟು ಬೇರೆ ಮಾತು ಕೇಳಿದ್ದೇ ಅಪರೂಪ.

‘ರಾಣಿ ನಿಂತಿದಾಳಲ್ಲ’ ಅಂದರು. ‘ಸಾಕು ಬಿಡಿ. ಆರತಿ ತಟ್ಟೆ ತಗೊಂಡು ಬಾ ಮಗು.’

ಅವತ್ತು ಬೆಳಿಗ್ಗೆ ಸಂಜೆ ಎರಡು ಹೊತ್ತೂ ರಾಣಿಯೊಬ್ಬಳಿಗೇ ಆರತಿಯಾಯಿತು. ಮನೆಗೆ ಯಾವ ಅನಿಷ್ಟವೂ ಬರಲಿಲ್ಲ. ಸಂಜೆ ಗೆಳತಿ ಬಂದು ಮಲಗಿದ ರಾಜನನ್ನು ನೋಡಿ ‘ಅಂಗೇ ಬಿದ್ದಿರ್ಲಿ ಬುಡು’ ಅಂದಳು.

ಕಾರ್ಟೂನು ಅದೇ ವಾರ ಮುಗಿಯಿತು. ಉಂಗುರ ಒಡೆದು, ಮಂತ್ರಿ ಮೋಡದಿಂದ ಕೆಳಗೆ ಬಿದ್ದು ಹೊಗೆಯಾದ. ರಾಜ ನಿದ್ದೆಯಿಂದ ಎದ್ದವನ ಹಾಗೆ ಕಣ್ಣುಜ್ಜಿಕೊಂಡು ‘ನನಗೇನೂ ನೆನಪಿಲ್ಲ ಮಗಳೇ’ ಅನ್ನುವ ಥರ ಏನೋ ಹಿಂದಿಯಲ್ಲಿ ಅಂದ. ಪ್ರಜೆಗಳೆಲ್ಲ ಜೈಕಾರ ಹಾಕಿದರು. ಥೂ! ನಾನು ಎದ್ದು ಟಿ.ವಿ. ಆಫ್ ಮಾಡಿದೆ. ಮಕ್ಕಳೆಲ್ಲ ನನ್ನ ಮೇಲೆ ಬಿದ್ದವು, ಆದರೂ ಮತ್ತೆ ಹಾಕಲಿಲ್ಲ.

ಸೋಮವಾರ ಬಂತು. ಅತ್ತೆ ಗಂಜಿ ಹಾಕಿದ ತಿಳಿಹಸಿರು ಕಾಟನ್ ಸೀರೆ ಉಟ್ಟಿದ್ದಳು. ಅಜ್ಜಿ ಟಿಫನ್ ಬಾಕ್ಸಿಗೆ ಚಿತ್ರಾನ್ನ ತುಂಬಿ ಅವಳ ಬ್ಯಾಗಿಗೆ ಹಾಕಿದರು. ಜಗಲಿಯಲ್ಲಿ ತಾತ ಪೇಪರು ಅಗಲಿಸಿ ಹಿಡಿದುಕೊಂಡು ಕೂತಿದ್ದರು. ಮೆಟ್ಟಿಲ ಹತ್ತಿರ ಅತ್ತೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಒಂದು ಮಾರು ದೂರವೂ ಇರಲಿಲ್ಲ.

ತಾತ ಪೇಪರಿನಿಂದ ತಲೆ ಎತ್ತದೆ ನನ್ನ ಕಡೆಗೆ ಹೇಳಿದರು. ‘ಹೋಗಬಾರದು ಅಂತ ನಿಮ್ಮತ್ತೆಗೆ ಹೇಳು.’

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಪಟ್ಣದ ತಾತ ಊರಿಗೆ ಹೋಗಿದ್ದರಲ್ಲ, ಆ ಜಾಗ ಖಾಲಿ ಬಿದ್ದಿತ್ತು. ಹನ್ನೆರಡು ವರ್ಷದ ನನ್ನನ್ನು ಕರೆದು ಆ ನೇರಳೆ ನಿಲುವಂಗಿ ತೊಡಿಸಲು ನೋಡುತ್ತಿದ್ದರು ನಮ್ಮ ತಾತ. ತಾತನನ್ನು ನಾನು ಪ್ರೀತಿಸುತ್ತಿದ್ದೆ, ಇಲ್ಲ ಅನ್ನುವುದಿಲ್ಲ. ಮಗ್ಗಿ ಕಲಿಸಿದವರು ಅವರು, ಜ್ವರ ಬಂದಾಗ ಹಣೆಗೆ ಕೈಯಿಟ್ಟು ಕೂತವರು ಅವರು. ಆದರೂ ಮೈಯೆಲ್ಲ ಬೆಂಕಿಯಾಯಿತು.

‘ನಾನು ಹೇಳಲ್ಲ’ ಅಂದೆ. ‘ಇಲ್ಲೇ ಇದಾಳಲ್ಲ ತಾತ, ನೀವೇ ಹೇಳಿ.’

ಅತ್ತೆ ನೆಟ್ಟಗೆ ನಿಂತು ಅವರ ಕಡೆ ತಿರುಗಿದಳು. ‘ಹೇಳಿ ಅಪ್ಪ.’

ಅವಳು ನಿಜವಾಗಲೂ ಕಾದಳು. ಬಸ್ಸಿಗೆ ಹೊತ್ತಾಗುತ್ತಿತ್ತು, ಆದರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಅವರ ಮುಖವನ್ನೇ ನೋಡುತ್ತಾ ನಿಂತಳು. ಅವರು ಬೇಡ ಅಂತ ಒಂದೇ ಒಂದು ಮಾತು ಅಂದಿದ್ದರೆ ಅವಳು ನಿಲ್ಲುತ್ತಿದ್ದಳೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪೇಪರು ಕೆಳಗಿಳಿಯಿತು. ತಾತ ಬಾಯಿ ತೆರೆದರು. ಕನ್ನಡಕ ತೆಗೆದರು, ಪಂಚೆಯ ತುದಿ ಹುಡುಕಿದರು, ಒರೆಸಲಿಲ್ಲ.

‘ಸರಿ ಅಪ್ಪ, ಬರ್ತೀನಿ’ ಅಂದಳು ಅತ್ತೆ.

ತಾತ ಮತ್ತೆ ನನ್ನ ಕಡೆ ನೋಡಿದರು. ನಾನು ಅಷ್ಟು ಹೊತ್ತಿಗೆ ಗೇಟು ಪೂರ್ತಿ ತೆಗೆದು ಹಿಡಿದುಕೊಂಡು ನಿಂತಿದ್ದೆ.